ಎಚ್‌ಐವಿ ಜೊತೆ ಐವತ್ತು ದಾಟಿದವರು: ಆಸ್ಪತ್ರೆ, ಪಿಂಚಣಿ, ಹಕ್ಕು ಕೇಳುವುದು ಹೇಗೆ?

ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ ಮಾತ್ರೆ (ಎಚ್‌ಐವಿ ವೈರಸ್ಸನ್ನು ಅದುಮಿಡುವ ಔಷಧಿ) ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಆಗ ಮೂವತ್ತು, ಮೂವತ್ತೈದರ ವಯಸ್ಸಿನಲ್ಲಿ ಮಾತ್ರೆ ಹಿಡಿದವರು ಈಗ ಐವತ್ತು ದಾಟಿದ್ದಾರೆ. ಮಕ್ಕಳ ಮದುವೆ ಮಾಡಿದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಹಿಡಿತದಲ್ಲಿದೆ. ಆದರೆ ಬಿಪಿ ಬಂದಿದೆ, ಶುಗರ್ ಬಂದಿದೆ, ಮಂಡಿ ಹಿಡಿಯುತ್ತದೆ, ಕಣ್ಣಿಗೆ ಪೊರೆ ಬಂದಿದೆ.

ಎಚ್‌ಐವಿ ಲೋಕದಲ್ಲಿ 50 ದಾಟಿದವರನ್ನೇ ಹಿರಿಯರು ಅಂತ ಲೆಕ್ಕ ಹಾಕುತ್ತಾರೆ. ದೀರ್ಘಕಾಲದ ಸೋಂಕಿನಿಂದ ಹೃದಯ, ಕಿಡ್ನಿ, ಮೂಳೆಯ ತೊಂದರೆಗಳು ಬೇರೆಯವರಿಗಿಂತ ಬೇಗ ಕಾಣಿಸಿಕೊಳ್ಳುತ್ತವೆ. ಹೀಗಿದ್ದೂ ನಮ್ಮಲ್ಲಿ ಎಷ್ಟು ಜನರಿಗೆ ಎಚ್‌ಐವಿ ಇದೆ ಎಂದು ಹೇಳುವ ಮುಖ್ಯ ಸೂಚ್ಯಂಕ ಇರುವುದು 15ರಿಂದ 49 ವರ್ಷದವರ ಮೇಲೆ. ಐವತ್ತಾದವರು ಚಿಕಿತ್ಸೆಯಲ್ಲಿದ್ದಾರೆ, ಆದರೆ ಯೋಜನೆ ಹಾಕುವವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಎಆರ್‌ಟಿ ಕೇಂದ್ರದವರು ಎಚ್‌ಐವಿ ನೋಡುತ್ತಾರೆ, ಬಿಪಿ–ಶುಗರ್ ಕ್ಲಿನಿಕ್‌ನವರು ಬಿಪಿ–ಶುಗರ್ ನೋಡುತ್ತಾರೆ. ಇಬ್ಬರ ಚೀಟಿಯನ್ನೂ ಒಟ್ಟಿಗೆ ಓದುವವರು ಯಾರೂ ಇಲ್ಲ. ಆ ಕೆಲಸ ಸದ್ಯಕ್ಕೆ ನಿಮ್ಮ ಕೈಯಲ್ಲೇ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿರುವವರು ಅದನ್ನು ಹೇಗೆ ಮಾಡಬಹುದು, ಮುಂದೆ ಸರ್ಕಾರವೇ ಅದನ್ನು ಮಾಡುವಂತೆ ಹೇಗೆ ಕೇಳಬಹುದು ಅಂತ ಇಲ್ಲಿ ಬರೆದಿದ್ದೇನೆ.

1. ಎಲ್ಲ ಚೀಟಿ, ಎಲ್ಲ ಮಾತ್ರೆ ಒಂದೇ ಚೀಲಕ್ಕೆ

ಒಂದು ಬಟ್ಟೆ ಚೀಲ ತೆಗೆದುಕೊಳ್ಳಿ. ಎಆರ್‌ಟಿ ಪುಸ್ತಕ, ಬಿಪಿ–ಶುಗರ್ ಚೀಟಿ, ರಕ್ತ ಪರೀಕ್ಷೆ ರಿಪೋರ್ಟು, ಎಕ್ಸ್‌ರೇ ಎಲ್ಲ ಅದರಲ್ಲಿರಲಿ. ನುಂಗುವ ಪ್ರತಿಯೊಂದು ಮಾತ್ರೆಯ ಖಾಲಿ ಸ್ಟ್ರಿಪ್ಪೂ ಇರಲಿ. ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಂದ ನೋವಿನ ಮಾತ್ರೆ, ಗ್ಯಾಸ್ ಔಷಧಿ, ನಾಟಿ ಪುಡಿ, ಕಷಾಯ ಯಾವುದನ್ನೂ ಬಿಡಬೇಡಿ. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಡುವುದು ಇವನ್ನೇ, ತೊಂದರೆ ಕೊಡುವುದೂ ಹೆಚ್ಚಾಗಿ ಇವೇ.

ಚೀಲದಲ್ಲಿ ಒಂದು ಹಾಳೆ ಇಡಿ. ಎಆರ್‌ಟಿ ಯಾವ ವರ್ಷ ಶುರುವಾಯಿತು, ಮಾತ್ರೆ ಬದಲಾಗಿದ್ದರೆ ಯಾವಾಗ, ಕೊನೆಯ ವೈರಲ್ ಲೋಡ್ ಎಷ್ಟು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಅಂಕಿ) ಎಷ್ಟು, ಯಾವ ಔಷಧಿ ಆಗಿಬರುವುದಿಲ್ಲ ಎಂದು ಅದರಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಕೌನ್ಸೆಲರ್ ಹತ್ತಿರ ಬರೆಸಿಕೊಳ್ಳಿ, ಕೇಳಿದರೆ ಬರೆದುಕೊಡುತ್ತಾರೆ.

ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೋ, ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ–ಶುಗರ್ ನೋಡಲು ಮನೆಗೆ ಬಂದವರಿಗೋ ನಿಮ್ಮ ಎಚ್‌ಐವಿ ವಿಷಯ ಹೇಳಲೇಬೇಕು ಅಂತೇನಿಲ್ಲ. ಬಿಪಿ ನೋಡಿಸಿಕೊಳ್ಳಿ, ಅಷ್ಟೇ ಸಾಕು. ಆದರೆ ನಿಮಗೆ ಔಷಧಿ ಬರೆಯುವ ಡಾಕ್ಟರಿಗೆ ಮಾತ್ರ ಎಆರ್‌ಟಿ ಪುಸ್ತಕ ತೋರಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

2. ಯಾವ ಮಾತ್ರೆ ಯಾವುದರ ಜೊತೆ ಕೂಡಿಬರುವುದಿಲ್ಲ

ಪಾವಗಡ ಕಡೆಯ ಒಬ್ಬ ಅಮ್ಮ ತಮ್ಮ ಚೀಲ ಬಿಚ್ಚಿ ಮಾತ್ರೆಗಳನ್ನು ಚಾಪೆ ಮೇಲೆ ಸಾಲಾಗಿ ಇಟ್ಟಿದ್ದರು. ರಾತ್ರಿ ಮುದ್ದೆ ಉಂಡು ಎಆರ್‌ಟಿ ಮಾತ್ರೆ ನುಂಗುತ್ತಾರೆ. ಉಂಡ ಮೇಲೆ ಎದೆ ಉರಿಯುತ್ತದೆ ಎಂದು ಬೆನ್ನಿಗೇ ಎರಡು ಮುಚ್ಚಳ ಗ್ಯಾಸ್ ಸಿರಪ್ ಕುಡಿಯುತ್ತಾರೆ. "ಒಂದು ದಿನನೂ ಮಾತ್ರೆ ತಪ್ಪಿಸಿಲ್ಲ ಕಣಪ್ಪ" ಅಂದರು. ಅದು ನಿಜವೇ. ಆದರೆ ಆ ಸಿರಪ್ಪು ಮಾತ್ರೆಯನ್ನು ಮೈಗೆ ಹತ್ತಲು ಬಿಡುತ್ತಿರಲಿಲ್ಲ.

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ ಇದು. ಜೆಲುಸಿಲ್, ಡೈಜೀನ್ ತರಹದ ಗ್ಯಾಸ್ ಔಷಧಿಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಅವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಎಆರ್‌ಟಿ ಮಾತ್ರೆ ನುಂಗಿ 2 ಗಂಟೆ ಕಳೆದ ಮೇಲೆ ಗ್ಯಾಸ್ ಸಿರಪ್ ಕುಡಿಯಬಹುದು. ಸಿರಪ್ ಮೊದಲೇ ಕುಡಿದಿದ್ದರೆ ಎಆರ್‌ಟಿ ಮಾತ್ರೆಗೆ 6 ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಐರನ್ ಮಾತ್ರೆಗಳಿಗೂ ಇದೇ ಲೆಕ್ಕ. ಆದರೆ ಅವನ್ನು ಊಟದ ಜೊತೆ ಎಆರ್‌ಟಿ ಮಾತ್ರೆಯೊಂದಿಗೇ ತೆಗೆದುಕೊಂಡರೆ ತೊಂದರೆಯಿಲ್ಲ, ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ.

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಕಥೆ ಇದಕ್ಕೆ ತಿರುಗಾಮುರುಗಾ. ಡೊಲುಟೆಗ್ರಾವಿರ್ ಜೊತೆ ತೆಗೆದುಕೊಂಡಾಗ ಅದು ರಕ್ತದಲ್ಲಿ ಜಾಸ್ತಿಯಾಗುತ್ತದೆ. ಹಾಗಾಗಿ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ನಿಮಗೆ 500ರ ಮಾತ್ರೆ ದಿನಕ್ಕೆ ಮೂರು ಬರೆದಿದ್ದರೆ "ನಾನು ಡೊಲುಟೆಗ್ರಾವಿರ್ ತಗೊಳ್ತೀನಿ ಸಾರ್, ಇಷ್ಟು ಬೇಕಾ?" ಅಂತ ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ನೀವಾಗಿಯೇ ಕಡಿಮೆ ಮಾಡಬೇಡಿ.

ಮೊದಲ ಮಾತ್ರೆ ಕೆಲಸ ಮಾಡದಿದ್ದಾಗ ಕೊಡುವ ಎರಡನೇ ಹಂತದ ಮಾತ್ರೆಯಲ್ಲಿದ್ದು ಅದರಲ್ಲಿ ರಿಟೊನಾವಿರ್ ಇದ್ದರೆ ಇನ್ನೂ ಹುಷಾರಾಗಿರಬೇಕು. ಕೊಲೆಸ್ಟ್ರಾಲಿಗೆ ಕೊಡುವ ಸಿಮ್ವಾಸ್ಟಾಟಿನ್ ಅದರ ಜೊತೆ ಸೇರಲೇಬಾರದು. ಮಂಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಅಸ್ತಮಾ ಮತ್ತು ಮೂಗಿನ ಕೆಲವು ಸ್ಟೀರಾಯ್ಡ್ ಸ್ಪ್ರೇಗಳು ರಿಟೊನಾವಿರ್ ಇರುವವರ ಮೈಯಲ್ಲಿ ಬಹಳ ದಿನ ಉಳಿದುಬಿಡುತ್ತವೆ. ಮುಖ ಊದುತ್ತದೆ, ಶುಗರ್ ಏರುತ್ತದೆ. ಮೂಳೆ ಡಾಕ್ಟರಿಗೆ ನಿಮ್ಮ ಎಆರ್‌ಟಿ ಗೊತ್ತಿಲ್ಲದಿದ್ದರೆ ಅವರು ಒಳ್ಳೆಯದಕ್ಕೇ ಹಾಕಿದ ಇಂಜೆಕ್ಷನ್ ಕೆಟ್ಟದ್ದು ಮಾಡಬಹುದು. ಪುಸ್ತಕ ತೋರಿಸಿ ಅಂದಿದ್ದು ಇದಕ್ಕೇ. ಟಿಬಿ ಔಷಧಿ ಶುರುವಾದರೂ ಎಆರ್‌ಟಿ ಕೇಂದ್ರಕ್ಕೆ ಅವತ್ತೇ ತಿಳಿಸಬೇಕು. ಟಿಬಿ ಔಷಧಿಯಲ್ಲಿ ರಿಫಾಂಪಿಸಿನ್ ಇದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಹೊತ್ತು ಬೇಕಾಗುತ್ತದೆ.

3. ಮಂಡಿನೋವು, ಕಿಡ್ನಿ, ಕುಡಿಯುವ ನೀರು

ನಮ್ಮ ಸೀಮೆಯವರು ಇದನ್ನು ಮುಖ್ಯವಾಗಿ ಓದಬೇಕು. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬೇರೆ ಊರುಗಳಲ್ಲೂ ಈ ತೊಂದರೆ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಸೊಂಟ, ಮಂಡಿ ಬಿಗಿಯುತ್ತವೆ.

ಟೆನೊಫೊವಿರ್ ಕೂಡ ಕೆಲವರಲ್ಲಿ ಮೂಳೆಯ ಗಟ್ಟಿತನ ಕಡಿಮೆ ಮಾಡುತ್ತದೆ, ಕಿಡ್ನಿಗೂ ಭಾರ ಹಾಕುತ್ತದೆ. ಮೈಯಿಂದ ಫ್ಲೋರೈಡ್ ಹೊರಹಾಕಬೇಕಾದದ್ದೂ ಅದೇ ಕಿಡ್ನಿ. ನೋವು ತಡೆಯಲಾಗದೆ ಡೈಕ್ಲೋಫೆನಾಕ್ ಮಾತ್ರೆಯೋ, ಸೊಂಟಕ್ಕೆ ಇಂಜೆಕ್ಷನ್ನೋ ತೆಗೆದುಕೊಂಡರೆ ಅದೂ ಕಿಡ್ನಿಗೇ ಹೊಡೆತ. ಮೂರು ಕಡೆಯಿಂದ ಪೆಟ್ಟು ಬೀಳುವುದು ಒಂದೇ ಅಂಗಕ್ಕೆ. ಎಆರ್‌ಟಿ ಡಾಕ್ಟರಿಗೆ ನೀರಿನ ಸಂಗತಿ ಹೊಳೆಯುವುದಿಲ್ಲ, ಮೂಳೆ ಡಾಕ್ಟರಿಗೆ ಟೆನೊಫೊವಿರ್ ಗೊತ್ತಿರುವುದಿಲ್ಲ. ಎರಡನ್ನೂ ಸೇರಿಸಿ ನೀವೇ ಹೇಳಬೇಕು: "ನಮ್ಮೂರಲ್ಲಿ ಫ್ಲೋರೈಡ್ ನೀರು, ಇಷ್ಟು ವರ್ಷದಿಂದ ಟೆನೊಫೊವಿರ್ ತಗೊಳ್ತಿದ್ದೀನಿ, ಕಾಲು ನೋವಿಗೆ ಈ ಮಾತ್ರೆ ನುಂಗ್ತಿದ್ದೀನಿ."

ಹೀಗೆ ಹೇಳಿದ ಮೇಲೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಅಂತ ಕೇಳಿ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರುತ್ತದೆ, ಅದು ಕಿಡ್ನಿ ಕೆಟ್ಟಿದ್ದರಿಂದ ಅಲ್ಲ. ಆಮೇಲೆ ಏರುತ್ತಲೇ ಹೋದರೆ ಯೋಚಿಸಬೇಕು. ಟೆನೊಫೊವಿರ್ ಬದಲಾಯಿಸುವ ಮಾತು ಬಂದರೆ ನಿಮಗೆ ಹೆಪಟೈಟಿಸ್ ಬಿ ಇದೆಯಾ ಎಂಬುದು ಮೊದಲು ತಿಳಿದಿರಬೇಕು. ಇದ್ದವರು ಆ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಲಿವರ್‌ಗೆ ಅಪಾಯ.

ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ. ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಇದು ಊರಿಗೆಲ್ಲ ಬೇಕಾದ ಕೆಲಸ, ಎಚ್‌ಐವಿ ಮಾತೇ ಎತ್ತಬೇಕಿಲ್ಲ.

4. ವರ್ಷಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳಬೇಕಾದದ್ದು

ವೈರಲ್ ಲೋಡ್ ವರ್ಷಕ್ಕೊಮ್ಮೆ ಎಆರ್‌ಟಿ ಕೇಂದ್ರದಲ್ಲೇ ಆಗುತ್ತದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ತೂಕ ಇವೂ ಆಗಬೇಕು. ಡೊಲುಟೆಗ್ರಾವಿರ್‌ನಿಂದ ಕೆಲವರ ತೂಕ ಏರುತ್ತದೆ, ಜೊತೆಗೆ ಶುಗರ್ ಕೂಡ. 30 ದಾಟಿದ ಯಾರಿಗೇ ಆದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಬಿಪಿ–ಶುಗರ್ ಉಚಿತವಾಗಿ ನೋಡುತ್ತಾರೆ. ಕೊಲೆಸ್ಟ್ರಾಲ್ ಬಗ್ಗೆ ಒಂದು ಮಾತು. 2023ರಲ್ಲಿ ಹೊರಬಂದ ರಿಪ್ರೀವ್ ಅಧ್ಯಯನದಲ್ಲಿ 40ರಿಂದ 75ರೊಳಗಿನ ಎಚ್‌ಐವಿ ಇರುವವರು ಪಿಟಾವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ) ತೆಗೆದುಕೊಂಡಾಗ ಹೃದಯಾಘಾತದಂಥ ದೊಡ್ಡ ತೊಂದರೆಗಳು ಸುಮಾರು 35 ಶೇಕಡಾ ಕಡಿಮೆಯಾದವು. ನಿಮಗೆ ಸ್ಟಾಟಿನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಹೆಂಗಸರು ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ತಪ್ಪಿಸಬೇಡಿ, ಎಚ್‌ಐವಿ ಇರುವವರಿಗೆ ಅದರ ಅಪಾಯ ಹಲವು ಪಟ್ಟು ಹೆಚ್ಚು. ಮುಟ್ಟು ನಿಂತಿದೆ, ಇನ್ಯಾಕೆ ಅಂದುಕೊಳ್ಳುವವರು ಜಾಸ್ತಿ. ಮುಟ್ಟು ನಿಂತ ಮೇಲೂ ಬೇಕು. ಮರೆವು, ನಿದ್ದೆ ಬಾರದಿರುವುದು, ಯಾರ ಜೊತೆಗೂ ಮಾತು ಬೇಡ ಅನ್ನಿಸುವುದು ಇದ್ದರೆ ವಯಸ್ಸಾಯ್ತು ಅಂತ ತಳ್ಳಿಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

5. ದೂರದ ಓಡಾಟ

ಪಾವಗಡದಿಂದ ತುಮಕೂರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಮಂಡಿ ಹಿಡಿದವರಿಗೆ ಬಸ್ಸಿನ ಮೆಟ್ಟಿಲೇ ದೊಡ್ಡ ಬೆಟ್ಟ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ ಇದೆಯಾ, ಅಲ್ಲೇ ಮಾತ್ರೆ ಸಿಗುತ್ತದಾ ಅಂತ ಕೌನ್ಸೆಲರನ್ನು ಕೇಳಿ. ವೈರಲ್ ಲೋಡ್ ಹಿಡಿತದಲ್ಲಿದ್ದರೆ ಒಂದೇ ಸಲಕ್ಕೆ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಕೊಡುವ ಅವಕಾಶವಿದೆ. ಮಗಳ ಮನೆಗೆ ಬೇರೆ ಊರಿಗೆ ಹೋಗಿ ಇರುವುದಾದರೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಬಹುದು, ಬೇರೆ ರಾಜ್ಯಕ್ಕೂ ಆಗುತ್ತದೆ.

ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಎಆರ್‌ಟಿ ಕೇಂದ್ರಕ್ಕೆ ಹೋಗಿಬರಲು ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ಅರ್ಧ ದರದ ರಿಯಾಯಿತಿ ಇದೆ. ಆದರೆ ಅದಕ್ಕೆ ಟಿಕೆಟ್ ಕೌಂಟರಿನಲ್ಲಿ ಸರ್ಟಿಫಿಕೇಟ್ ತೋರಿಸಬೇಕು. ಊರ ಸ್ಟೇಷನ್ನಿನಲ್ಲಿ ಅದು ಎಲ್ಲರಿಗೂ ಹಿಡಿಸುವ ದಾರಿಯಲ್ಲ.

6. "ಆಪರೇಷನ್ ಇಲ್ಲಿ ಆಗಲ್ಲ" ಅಂದರೆ

ವಯಸ್ಸಾದಂತೆ ಆಪರೇಷನ್‌ಗಳು ಬರುತ್ತವೆ. ಕಣ್ಣಿನ ಪೊರೆ, ಹರ್ನಿಯಾ, ಗರ್ಭಕೋಶ, ಮುರಿದ ಸೊಂಟದ ಮೂಳೆ. ಅಲ್ಲಿಯವರೆಗೂ ಚೆನ್ನಾಗಿ ಮಾತಾಡುತ್ತಿದ್ದವರು ರಕ್ತದ ರಿಪೋರ್ಟು ಬಂದ ಕೂಡಲೇ "ನಮ್ಮಲ್ಲಿ ಸೌಲಭ್ಯ ಇಲ್ಲ, ಬೆಂಗಳೂರಿಗೆ ಹೋಗಿ" ಅನ್ನುವುದು ನಮ್ಮವರಿಗೆ ಹೊಸದೇನಲ್ಲ. ಹಾಗೆ ಅನ್ನಿಸಿಕೊಂಡು ಮನೆಗೆ ಬಂದು ಕೂತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾನೂನು ಅವರ ಪರವಾಗಿತ್ತು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಬೇರೆ ರೀತಿ ನಡೆಸಿಕೊಳ್ಳುವಂತಿಲ್ಲ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ವಿಷಯವನ್ನು ಬೇರೆಯವರಿಗೆ ಹೇಳುವಂತಿಲ್ಲ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಇದು ಒಂದೇ.

ಅಂಥ ಸಂದರ್ಭ ಬಂದರೆ ಹೀಗೆ ಮಾಡಿ. ಜಗಳಕ್ಕೆ ಇಳಿಯಬೇಡಿ. "ಆಯ್ತು ಸಾರ್, ಯಾಕೆ ಮಾಡಲ್ಲ ಅಂತ ಚೀಟಿಯಲ್ಲಿ ಬರೆದುಕೊಡಿ" ಅಂತ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ಕಡೆ ಮಾತಿನ ಧಾಟಿ ಬದಲಾಗುತ್ತದೆ. ಬರೆದುಕೊಡದಿದ್ದರೆ ನೀವೇ ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ವಿಭಾಗ, ಯಾರು, ಏನಂದರು. ಜೊತೆಗೆ ಇದ್ದವರ ಹೆಸರೂ ಇರಲಿ.

ಆಮೇಲೆ ಎಆರ್‌ಟಿ ಕೇಂದ್ರದ ಮೆಡಿಕಲ್ ಆಫೀಸರಿಗೂ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೂ ಹೇಳಿ. ಅವರ ಒಂದು ಫೋನಿನಿಂದಲೇ ಬಗೆಹರಿಯುವುದುಂಟು. 1097 ಉಚಿತ ಸಹಾಯವಾಣಿ, ಅಲ್ಲೂ ದಾರಿ ಕೇಳಬಹುದು. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆ ಈ ಕಾಯ್ದೆಯ ಪ್ರಕಾರ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿರಬೇಕು. "ನಿಮ್ಮಲ್ಲಿ ಎಚ್‌ಐವಿ ಕಾಯ್ದೆಯ ದೂರು ಅಧಿಕಾರಿ ಯಾರು?" ಎಂದು ಕೇಳಿ, ಅವರಿಗೆ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಅದರ ಮೇಲೆ ರಾಜ್ಯದ ಎಚ್‌ಐವಿ ಓಂಬುಡ್ಸ್‌ಮನ್‌ಗೆ (ಇಂಥ ದೂರು ವಿಚಾರಿಸಲು ಸರ್ಕಾರ ನೇಮಿಸುವ ಅಧಿಕಾರಿ) ದೂರು ಕೊಡುವ ದಾರಿಯನ್ನೂ ಕಾಯ್ದೆ ಇಟ್ಟಿದೆ. ದೂರು ಬಂದ 30 ದಿನದೊಳಗೆ ಆದೇಶ ಕೊಡಬೇಕು. ಜೀವಕ್ಕೆ ತುರ್ತು ಇದ್ದರೆ ಸಾಧ್ಯವಾದಷ್ಟು 24 ಗಂಟೆಯಲ್ಲೇ ಕೊಡಬೇಕು. ಆದೇಶ ಪಾಲಿಸದವರಿಗೆ 10,000 ರೂಪಾಯಿವರೆಗೆ ದಂಡ, ಆಮೇಲೂ ಪಾಲಿಸದಿದ್ದರೆ ದಿನಕ್ಕೆ 5,000ದವರೆಗೆ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ ದೂರು ಹೋಗುತ್ತದೆ. ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಂಖ್ಯೆ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರು ಉಚಿತ. ಕೋರ್ಟಿಗೆ ಹೋದರೂ ಹೆಸರು ಬದಲಿಸಿ ಕೇಸು ನಡೆಸುವಂತೆ ಕೋರಬಹುದು.

ಆಪರೇಷನ್ ಮಾಡುತ್ತೇವೆ, ಆದರೆ "ಎಚ್‌ಐವಿ ಕಿಟ್" ಅಂತ ಜಾಸ್ತಿ ದುಡ್ಡು ಕೊಡಿ ಅನ್ನುವುದು, ಹಾಸಿಗೆಗೆ ಗುರುತು ಹಾಕುವುದು, ಎಲ್ಲರಿಗಿಂತ ಕೊನೆಗೆ ತಳ್ಳುವುದು ಇವೂ ತಾರತಮ್ಯವೇ. ಗ್ಲೌಸು, ಶುಚಿ ಮಾಡಿದ ಉಪಕರಣ ಎಲ್ಲ ರೋಗಿಗಳಿಗೂ ಬಳಸಬೇಕಾದದ್ದು.

ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆ ಕಾರ್ಡನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಟ್ಟುಕೊಳ್ಳಿ.

7. ಪಿಂಚಣಿ, ರೇಷನ್, ಮಕ್ಕಳು

65 ಆದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಅದಕ್ಕಿಂತ ಮೊದಲು, 60ರಿಂದಲೇ, ಬಿಪಿಎಲ್ ಕುಟುಂಬದವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಇದೆ. ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ ವಯಸ್ಸಿಗೆ ಕಾಯುವುದಿಲ್ಲ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಇವ್ಯಾವುದಕ್ಕೂ ಎಚ್‌ಐವಿ ದಾಖಲೆ ಬೇಡ, ಹೇಳಲೂ ಬೇಡಿ. ಮುಖ್ಯವಾಗಿ ಕೇಳುವುದು ವಯಸ್ಸು, ಆದಾಯ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ವಿಧವಾ ವೇತನಕ್ಕಾದರೆ ಗಂಡನ ಮರಣ ಪ್ರಮಾಣಪತ್ರ. ಆಧಾರಿನಲ್ಲಿ ವಯಸ್ಸು ತಪ್ಪಾಗಿ ಬರೆಸಿದವರು ಮೊದಲು ಅದನ್ನು ಸರಿ ಮಾಡಿಸಿ, ಅರ್ಜಿಗಳು ಬಿದ್ದುಹೋಗುವುದು ಅಲ್ಲೇ.

ಸೋಂಕಿತ ಹೆಂಗಸರಿಗೆಂದೇ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದೆ, ಕುರಿಯೋ ಹಸುವೋ ಸಣ್ಣ ಅಂಗಡಿಯೋ ಮಾಡಿಕೊಳ್ಳಲು. ಅದರ ವಯಸ್ಸಿನ ಮಿತಿ 18ರಿಂದ 60. ಐವತ್ತೈದು ದಾಟಿದ್ದರೆ ಈಗಲೇ ವಿಚಾರಿಸಿ. ಬಿಪಿಎಲ್‌ನ ಸೋಂಕಿತ ಕುಟುಂಬಗಳನ್ನು ಅಂತ್ಯೋದಯ ಕಾರ್ಡಿಗೆ ಆದ್ಯತೆ ಮೇಲೆ ಸೇರಿಸಿ ಎಂದು ಕೇಂದ್ರ ಸರ್ಕಾರ 2009ರಲ್ಲೇ ರಾಜ್ಯಗಳಿಗೆ ಹೇಳಿದೆ.

ಮಕ್ಕಳು ನೋಡಿಕೊಳ್ಳದಿದ್ದರೆ, ಮನೆಯಿಂದ ಹೊರಗೆ ಹಾಕಿದರೆ, ಎರಡು ಕಾನೂನುಗಳಿವೆ. ತಂದೆ–ತಾಯಿ, 60 ಆಗದಿದ್ದರೂ, 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತುಮಕೂರು ಜಿಲ್ಲೆಯವರಿಗೆ ತುಮಕೂರು, ತಿಪಟೂರು, ಮಧುಗಿರಿಯಲ್ಲಿ ಆ ಕಚೇರಿಗಳಿವೆ. ಕೂಡಿ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕನ್ನು ಹೆಂಗಸರಿಗೆ ಎಚ್‌ಐವಿ ಕಾಯ್ದೆಯೂ ಕೊಡುತ್ತದೆ. ಹಿರಿಯರ ಸಹಾಯವಾಣಿ 14567.

8. ಒಬ್ಬರ ಚೀಲದಿಂದ ಎಲ್ಲರ ಅರ್ಜಿಗೆ

ಚೀಟಿಗಳನ್ನು ನೀವೇ ಎಷ್ಟು ದಿನ ಸೇರಿಸುತ್ತಾ ಇರುತ್ತೀರಿ? ಎಪ್ಪತ್ತಾದಾಗ ಕಣ್ಣು ಕಾಣದು, ನೆನಪು ನಿಲ್ಲದು. ಈ ಕೆಲಸ ಆಸ್ಪತ್ರೆಯೇ ಮಾಡಬೇಕು. ಅದಕ್ಕೆ ಜಿಲ್ಲೆಯ ಪಾಸಿಟಿವ್ ನೆಟ್‌ವರ್ಕ್ (ಎಚ್‌ಐವಿ ಇರುವವರೇ ಕಟ್ಟಿಕೊಂಡ ಸಂಘ) ಮೂಲಕ ಕೇಳಿ. ಸಂಘದ ಹೆಸರಲ್ಲಿ ಹೋದರೆ ಯಾರೊಬ್ಬರ ಹೆಸರೂ ಹೊರಗೆ ಬರುವುದಿಲ್ಲ.

ಒಂದು ಅರ್ಜಿಯಲ್ಲಿ ಇಪ್ಪತ್ತು ಬೇಡಿಕೆ ಹಾಕಬೇಡಿ. ನಿಮ್ಮ ಜಿಲ್ಲೆಯ ಅಧಿಕಾರಿಯ ಕೈಯಲ್ಲೇ ಆಗುವಂಥದ್ದನ್ನು ಮೊದಲು ಕೇಳಿ. ಹೀಗೆ ಬರೆಯಬಹುದು:

"ಮಾನ್ಯರೇ, ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವ 50 ವರ್ಷ ದಾಟಿದವರಿಗೆ ಬಿಪಿ, ಶುಗರ್, ಕ್ರಿಯಾಟಿನಿನ್, ಕೊಲೆಸ್ಟ್ರಾಲ್ ಪರೀಕ್ಷೆ ಮತ್ತು ಔಷಧಿಯನ್ನು ಎಆರ್‌ಟಿ ಮಾತ್ರೆ ಕೊಡುವ ದಿನವೇ ಕೊಡಿಸಬೇಕು. ದೂರದ ತಾಲೂಕುಗಳಿಂದ ಬರುವ ಹಿರಿಯರು ಒಂದೇ ತಿಂಗಳಲ್ಲಿ ಎರಡೆರಡು ಸಲ ಬರಬೇಕಾಗುತ್ತಿದೆ. ಆಸ್ಪತ್ರೆಯ ದೂರು ಅಧಿಕಾರಿಯ ಹೆಸರನ್ನು ಹೊರರೋಗಿ ವಿಭಾಗದ ಫಲಕದಲ್ಲಿ ಹಾಕಿಸಬೇಕು."

ಇದನ್ನು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಕೊಡಿ. ಪ್ರತಿಗಳು ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ, ಜಿಲ್ಲಾಧಿಕಾರಿಗಳಿಗೆ ಹೋಗಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಗೂ ಇದನ್ನು ತರುವಂತೆ ಕೇಳಿ. ಟೆನೊಫೊವಿರ್ ಬದಲಿ ಮಾತ್ರೆ, ಸ್ಟಾಟಿನ್, ಮೂಳೆ ಪರೀಕ್ಷೆ ಇಂಥ ದೊಡ್ಡ ಬೇಡಿಕೆಗಳು ಬೆಂಗಳೂರಿನ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಹೋಗಬೇಕು. ಅದನ್ನು ಬೇರೆ ಅರ್ಜಿಯಾಗಿ ಬರೆಯಿರಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅರ್ಜಿಯನ್ನು ಯಾವ ನಾಗರಿಕರಾದರೂ ಹಾಕಬಹುದು. ಹಾಗಾಗಿ ಸೋಂಕಿಲ್ಲದ ಗೆಳೆಯರೋ, ವಕೀಲರೋ, ಪರಿಚಯದ ಮೇಷ್ಟ್ರೋ ತಮ್ಮ ಹೆಸರಲ್ಲಿ ಹಾಕಲಿ. ಕೇಳಬೇಕಾದದ್ದು ಇಷ್ಟು: ಈ ಕೇಂದ್ರದಲ್ಲಿ ಚಿಕಿತ್ಸೆಯಲ್ಲಿರುವ 50 ದಾಟಿದವರ ಸಂಖ್ಯೆ ಎಷ್ಟು? ಕಳೆದ ವರ್ಷ ಅವರಲ್ಲಿ ಎಷ್ಟು ಜನರಿಗೆ ಕ್ರಿಯಾಟಿನಿನ್ ಮತ್ತು ಶುಗರ್ ಪರೀಕ್ಷೆ ಆಗಿದೆ? ಸಂಖ್ಯೆ ಮಾತ್ರ ಕೇಳಿ, ಹೆಸರು ಬೇಡ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಬಂದ ಅಂಕಿಯನ್ನು ಮುಂದಿನ ಅರ್ಜಿಯ ಮೊದಲ ಸಾಲಿಗೇ ಹಾಕಿ ಮತ್ತೆ ಕೊಡಿ.